ಹದಿನಾರನೆಯ ನಿಮಿಷ

ನನ್ನ ನಾದಿನಿಗೆ ಕೆಲಸ ಸಿಕ್ಕಿದ್ದೇ ಏನೂ ಗೊತ್ತಿಲ್ಲದ್ದಕ್ಕೆ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಅವಳ ಕಂಪನಿಯವರೇ ಹೇಳುತ್ತಾರೆ, ಅದೂ ಬೀಗುತ್ತಾ ಹೇಳುತ್ತಾರೆ. ಆರು ಮಹಡಿಯ ಆ ಕಟ್ಟಡದಲ್ಲಿ ಮುನ್ನೂರ ನಲವತ್ತು ಜನ ಇದ್ದಾರೆ. ಎಲ್ಲರಿಗೂ ಏನಾದರೊಂದು ಗೊತ್ತಿದೆ ಎಂದು ಸಂಬಳ, ಇವಳೊಬ್ಬಳಿಗೆ ಗೊತ್ತಿಲ್ಲ ಎಂದು ಸಂಬಳ. ಅಲ್ಲಿ ಅವಳ ಹೆಸರೇ 'ಗೊತ್ತಿಲ್ಲಕ್ಕ'. ಬಾಗಿಲು ಕಾಯುವವನಿಂದ ಹಿಡಿದು ಯಜಮಾನರವರೆಗೆ ಎಲ್ಲರೂ ಕರೆಯುವುದು ಹಾಗೇ. ಮನೆಗೆ ಬಂದರೆ ಮಾತ್ರ ಅವಳಿಗೆ ಗೊತ್ತಿಲ್ಲದ್ದೇ ಇಲ್ಲ. ಬಟ್ಟೆ ಹೇಗೆ ಒಣಹಾಕಬೇಕು, ನನ್ನ ಹೊಲಿಗೆ ಮೆಷಿನ್ನಿಗೆ ಎಷ್ಟು ಹನಿ ಎಣ್ಣೆ ಬಿಡಬೇಕು, ಎಲ್ಲವನ್ನೂ ನನಗೇ ಹೇಳಿಕೊಡುತ್ತಾಳೆ.

ಕಂಪನಿಯ ಕೆಲಸ ವಿಡಿಯೊ ಗೇಮ್ ಪ್ರಕಟಿಸುವುದು. ಆಟ ಕಟ್ಟುವವರು ಬೇರೆ, ಅದನ್ನು ಜನರಿಗೆ ಮುಟ್ಟಿಸುವವರು ಬೇರೆ. ಪುಸ್ತಕ ಬರೆದವರು ಒಬ್ಬರು, ಅಚ್ಚು ಹಾಕಿಸಿ ಅಂಗಡಿಗೆ ಕಳಿಸುವವರು ಇನ್ನೊಬ್ಬರು ಇರುವ ಹಾಗೆ. ಇದು ನನ್ನ ತಲೆಗೆ ಹತ್ತಲು ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ನನ್ನ ಗಂಡನ ತಂಗಿ ದಿನವಿಡೀ ಕೂತು ಆಟ ಆಡಿ ಬರುತ್ತಾಳೆ ಎಂದೇ ನಂಬಿದ್ದೆ. ಬಟ್ಟೆ ಹೊಲಿಸಲು ಬಂದವರಿಗೆಲ್ಲ ಹಾಗೇ ಹೇಳಿ, ಅವರು ಮೂಗಿನ ಮೇಲೆ ಬೆರಳಿಡುವಂತೆ ಮಾಡಿದ್ದೆ.

ಹದಿನೆಂಟು ವರ್ಷದ ಹಿಂದೆ ಆ ಕಂಪನಿ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಜನ ಐದು. ಕಂಪನಿಯ ಯಜಮಾನರೆಂದರೆ ಒಂದೇ ನೀಲಿ ಸ್ವೆಟರನ್ನು ವಾರವೆಲ್ಲ ಹಾಕುವ ಒಬ್ಬ ಕಡ್ಡಿ ಮನುಷ್ಯ. ನಾದಿನಿ ಅದುವರೆಗೆ ಕೆಲಸ ಮಾಡುತ್ತಿದ್ದ ಮುದ್ರಣಾಲಯ ಮುಚ್ಚಿಹೋಗಿತ್ತು. ಹಾಳೆ ಮಡಚುವುದು, ಅಂಟು ಹಚ್ಚುವುದು ಎಂದರೆ ಅವಳದು ಎತ್ತಿದ ಕೈ. ಡಿಸ್ಕನ್ನು ಡಬ್ಬಿಗೆ ಹಾಕಿ, ಮೇಲೆ ಚಿತ್ರದ ಹಾಳೆ ತೂರಿಸಿ, ಪಾರ್ಸೆಲ್ ಕಟ್ಟುವ ಕೆಲಸಕ್ಕೆ ಸೇರಿಕೊಂಡಳು.

ಅವರು ಪ್ರಕಟಿಸಿದ ಮೊದಲ ಆಟ ಮೂಟೆಮೂಟೆಯಾಗಿ ವಾಪಸು ಬಂತು. ಕೊಂಡವರದೆಲ್ಲ ಒಂದೇ ದೂರು: ಆಟ ಮುಂದಕ್ಕೇ ಹೋಗುವುದಿಲ್ಲ, ಡಿಸ್ಕ್ ಕೆಟ್ಟಿದೆ. ನೋಡಿದರೆ ಒಂದು ಡಿಸ್ಕೂ ಕೆಟ್ಟಿರಲಿಲ್ಲ. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಮೂಲೆಯಲ್ಲಿ ಅಂಟು ಒಣಗಲೆಂದು ಕಾಯುತ್ತಿದ್ದ ನಾದಿನಿ ಅವರ ಕಣ್ಣಿಗೆ ಬಿದ್ದಳು.

"ಅಕ್ಕ, ಸ್ವಲ್ಪ ಇಲ್ಲಿ ಬನ್ನಿ. ನಿಮಗೆ ಇದು ಆಡೋಕೆ ಬರುತ್ತಾ?"

"ನಂಗೇನೂ ಗೊತ್ತಿಲ್ಲಪ್ಪ."

"ಏನೂ?"

"ಏನೂ ಅಂದ್ರೆ ಏನೂ."

"ಹಾಗಾದ್ರೆ ಕೂತ್ಕೊಳ್ಳಿ," ಎಂದು ಮಡಚುವ ಕಬ್ಬಿಣದ ಕುರ್ಚಿಯೊಂದನ್ನು ಎಳೆದು ಹಾಕಿದರು.

ನಾದಿನಿ ಕಂಟ್ರೋಲರ್ ಹಿಡಿದು ಸಿಕ್ಕಸಿಕ್ಕ ಗುಂಡಿ ಒತ್ತಿದಳು. ಪರದೆಯ ಮೇಲಿನ ಪುಟ್ಟ ಸೈನಿಕ ಗೋಡೆಗೆ ಹಣೆ ಹಚ್ಚಿಕೊಂಡು ನಿಂತಲ್ಲೇ ನಡೆಯುತ್ತಿದ್ದ. ಅರ್ಧ ಗಂಟೆಯಾಯಿತು. ಹಿಂದೆ ನಿಂತಿದ್ದ, ಆ ಆಟ ಕಟ್ಟಿದ ಆಸಾಮಿಗೆ ತಡೆಯಲಾಗಲಿಲ್ಲ. "ಬಲಗಡೆ! ಬಲಗಡೆ ಹೋಗಿ ಅಂದ್ರೆ!" ಎಂದು ಕಿರುಚಿದ. ಯಜಮಾನರು ಅವನ ಕಡೆ ತಿರುಗಿ, "ಕೊಂಡವರ ಮನೆಮನೆಗೂ ಹೋಗಿ ನೀನು ಹಿಂದೆ ನಿಂತು ಬಲಗಡೆ ಅಂತ ಕೂಗ್ತೀಯೇನಪ್ಪ?" ಎಂದರು.

ಕಂಪನಿಯ ಕಟ್ಟಳೆ ಹುಟ್ಟಿದ್ದು ಆ ಮಾತಿನಿಂದ. ಅಂದಿನಿಂದ ಯಾವ ಆಟವೂ ಗೊತ್ತಿಲ್ಲಕ್ಕ ಅದರ ಮೊದಲ ಬಾಗಿಲು ದಾಟುವವರೆಗೆ ಹೊರಗೆ ಹೋಗಬಾರದು. ಅವಳು ಕುರ್ಚಿಯಲ್ಲಿ ಕೂತಾಗ ಆಟ ಕಟ್ಟಿದವರು ಹಿಂದೆ ಕೈಕಟ್ಟಿ ನಿಲ್ಲಬೇಕು. ಬಾಯಿ ಬಿಡಬಾರದು, ಕೆಮ್ಮಬಾರದು, ನಿಟ್ಟುಸಿರೂ ಬಿಡಬಾರದು. ಗೋಡೆ ಗಡಿಯಾರದಲ್ಲಿ ಹದಿನೈದು ನಿಮಿಷ. ಅಷ್ಟರಲ್ಲಿ ಅವಳಿಗೆ ದಾರಿ ಸಿಗದಿದ್ದರೆ ತಪ್ಪು ಅವಳದಲ್ಲ, ಆಟದ್ದು. ಬಿಚ್ಚಿ ಮತ್ತೆ ಕಟ್ಟಬೇಕು. ಸಿಕ್ಕರೂ ಹದಿನಾರನೆಯ ನಿಮಿಷಕ್ಕೆ ಪರದೆ ಆರಿಸಿಬಿಡುತ್ತಿದ್ದರು. ಹೆಚ್ಚು ಆಡಿದರೆ ಅವಳಿಗೆ ಆಟ ಬಂದುಬಿಡುತ್ತದಲ್ಲ! ಮನೆಯಲ್ಲೂ ಆಡಕೂಡದು ಎಂದು ಅಪ್ಪಣೆಯಾಗಿತ್ತು.

ಇದರಿಂದ ಅನುಭವಿಸಿದವಳು ನಾನು. ಸಂಜೆ ಬಂದವಳೇ ಕಾಲು ಚಾಚಿ ಶುರು ಮಾಡುತ್ತಿದ್ದಳು. "ಇವತ್ತು ಒಬ್ಬಳು ರಾಜಕುಮಾರಿ ಅತ್ತಿಗೆ, ಹಡಗಿನಿಂದ ಸಮುದ್ರಕ್ಕೆ ಹಾರೇಬಿಟ್ಟಳು!"

"ಅಯ್ಯೋ! ಹಾರಿ?"

"ಅಷ್ಟೊತ್ತಿಗೆ ಆರಿಸಿಬಿಟ್ರು."

ಕಾಜಾ ಹೊಲಿದು ಗುಂಡಿ ಹಚ್ಚದೆ ಬಿಟ್ಟ ಅಂಗಿಯ ಹಾಗೆ ನೂರಾರು ಕತೆ ನಮ್ಮ ಮನೆಯಲ್ಲಿ ಬಿದ್ದಿದ್ದವು. ನಾನು ಮೈ ಪರಚಿಕೊಳ್ಳುತ್ತಿದ್ದೆ. ಅವಳು ಮಾತ್ರ ತಣ್ಣಗೆ ನಕ್ಕು ಮಲಗಲು ಹೋಗುತ್ತಿದ್ದಳು.

ಆದರೆ ಕಂಪನಿ ಬೆಳೆದ ಪರಿ ನೋಡಬೇಕಿತ್ತು! ಇವರ ಆಟವಾದರೆ ಯಾರೂ ಹೇಳಿಕೊಡಬೇಕಾಗಿಲ್ಲ, ಕೈಗೆತ್ತಿಕೊಂಡರೆ ಬರುತ್ತದೆ ಎಂದು ಹೆಸರಾಯಿತು. ಎರಡು ಕೋಣೆ ಹೋಗಿ ಒಂದು ಮಹಡಿಯಾಯಿತು. ಒಂದು ಮಹಡಿ ಸಾಲದೆ ಎದುರು ಕಟ್ಟಡವನ್ನೂ ಹಿಡಿದರು. ಎರಡರ ನಡುವೆ ಕಾಗದಪತ್ರ ಹೊತ್ತು ಓಡಾಡುವವರನ್ನು ನೋಡಿ ರಸ್ತೆಯ ವಾಹನದವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರು. ಡಿಸ್ಕಿನ ಕಾಲ ಮುಗಿದು ಆಟಗಳು ನೇರ ಫೋನಿಗೇ ಇಳಿಯತೊಡಗಿದಾಗ ಮುಳುಗುತ್ತಾರೆ ಎಂದವರೇ ಹೆಚ್ಚು. ಮುಳುಗಲಿಲ್ಲ, ಇಮ್ಮಡಿಯಾದರು. ಹಿಂದೆ ಇವರ ಪತ್ರಕ್ಕೆ ಉತ್ತರವನ್ನೂ ಬರೆಯದಿದ್ದ ದೊಡ್ಡ ಕಂಪನಿಯೊಂದನ್ನು ಇವರೇ ಕೊಂಡುಕೊಂಡ ದಿನ ನಾದಿನಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊನೆಗೆ ಸ್ವಂತದ ಆರು ಮಹಡಿ ಎದ್ದಿತು. ಪ್ರತಿ ಸಲ ಜಾಗ ಬದಲಾದಾಗಲೂ ಆ ಕಬ್ಬಿಣದ ಕುರ್ಚಿಯನ್ನು ಯಜಮಾನರೇ ಹೊತ್ತು ಒಯ್ದರು. ಮೊದಲಿನ ಐವರಲ್ಲಿ ಉಳಿದವರೂ ಈಗ ಇಬ್ಬರೇ, ಅವರು ಮತ್ತು ಇವಳು.

ಇನ್ನೂರ ಹನ್ನೆರಡು ಆಟ ದಾಟಿಸಿದ ಮೇಲೆ ಬಂತು ನೆಲದಡಿಯ ಊರಿನ ಆಟ. ಅದನ್ನು ಕಟ್ಟಿದವಳು ಗುಂಗುರು ಕೂದಲಿನ ಒಬ್ಬ ಹುಡುಗಿ. ನಾಲ್ಕು ವರ್ಷ ಅದಕ್ಕೇ ಸುರಿದಿದ್ದಳು. ಒಂದೇ ದಿನ ಇಪ್ಪತ್ತೆರಡು ದೇಶಗಳಲ್ಲಿ ಬಿಡುಗಡೆ. ಕಂಪನಿ ಅಂಥ ಎತ್ತರಕ್ಕೆ ಹಿಂದೆಂದೂ ಕೈ ಚಾಚಿರಲಿಲ್ಲ. ಇದನ್ನೆಲ್ಲ ಹೊಂದಿಸಿದವರು ಮಾರಾಟದ ಮುಖ್ಯಸ್ಥರು. ಎರಡು ವರ್ಷದ ಹಿಂದೆ ಸೋಪಿನ ಕಂಪನಿಯಿಂದ ಬಂದವರಾದ್ದರಿಂದ ಎಲ್ಲರೂ ಹಿಂದಿನಿಂದ ಅವರನ್ನು ಸೋಪು ಸಾಹೇಬರು ಎನ್ನುತ್ತಿದ್ದರು. ಚುರುಕು ಮನುಷ್ಯ. ಕೂತಲ್ಲಿ ಕೂರುತ್ತಿರಲಿಲ್ಲ.

ಗುರುವಾರ ಗೊತ್ತಿಲ್ಲಕ್ಕ ಕುರ್ಚಿಯಲ್ಲಿ ಕೂತಳು. ಹಿಂದೆ ಮುನ್ನೂರು ಜನ ಕೈಕಟ್ಟಿ ನಿಂತಿದ್ದರು. ನಾಲ್ಕೇ ನಿಮಿಷಕ್ಕೆ ಬಾಗಿಲು ತೆರೆಯಿತು! ಹದಿನೆಂಟು ವರ್ಷದಲ್ಲಿ ಅಷ್ಟು ಬೇಗ ಯಾವುದೂ ತೆರೆದಿರಲಿಲ್ಲ. ಜನ ಕುಣಿದರು, ಕೇಕ್ ಕತ್ತರಿಸಿದರು, ಫೋಟೊ ತೆಗೆಸಿಕೊಂಡರು. ಗುಂಗುರು ಕೂದಲಿನ ಹುಡುಗಿ ನಾದಿನಿಯನ್ನು ತಬ್ಬಿಕೊಂಡು ಅತ್ತಳು. ಬಿಡುಗಡೆಗೆ ಒಂಬತ್ತು ದಿನ ಇತ್ತು. ಖುಷಿಗೆ ಎಲ್ಲರಿಗೂ ಆ ಆಟ ಹಾಕಿದ ಒಂದೊಂದು ಟ್ಯಾಬ್ ಕೊಟ್ಟರು. ಗೊತ್ತಿಲ್ಲಕ್ಕನಿಗೆ ಕೊಡುವಾಗ, "ನೀವು ಮುಟ್ಟಬೇಡಿ, ಮನೆಯವರಿಗೆ ಕೊಡಿ," ಎಂದರಂತೆ.

ಮನೆಯವಳು ಎಂದರೆ ನಾನು. ಶನಿವಾರ ಮಧ್ಯಾಹ್ನ ಕೈಯಲ್ಲಿದ್ದ ರವಿಕೆಯನ್ನು ಪಕ್ಕಕ್ಕಿಟ್ಟು ಕೂತೆ. ನಾದಿನಿ ಅಭ್ಯಾಸಬಲದಿಂದ ನನ್ನ ಹಿಂದೆ ಬಂದು ಕೈಕಟ್ಟಿ ನಿಂತಳು. ಪರದೆಯಲ್ಲಿ ಒಂದು ಕೋಣೆ. ಒಂದು ಮಂಚ, ಒಂದು ಪೆಟ್ಟಿಗೆ, ನಾಲ್ಕು ಗೋಡೆ. ಮಂಚದ ಕೆಳಗೆ ತೂರಿದೆ. ಪೆಟ್ಟಿಗೆ ತಳ್ಳಿದೆ. ನಾಲ್ಕೂ ಗೋಡೆಗೆ ಡಿಕ್ಕಿ ಹೊಡೆದೆ. ಇಪ್ಪತ್ತು ನಿಮಿಷವಾಯಿತು, ಮೂವತ್ತಾಯಿತು. ನಲವತ್ತಕ್ಕೆ ನನ್ನ ಸಹನೆ ತೀರಿತು.

"ಇದೇನೇ ಇದು, ಗೋರಿ ಇದ್ದ ಹಾಗಿದೆ! ಬಾಗಿಲೇ ಇಲ್ಲ."

"ಮೇಲೆ ನೋಡಿ ಅತ್ತಿಗೆ!" ಎಂದವಳೇ ನಾದಿನಿ ನಾಲಿಗೆ ಕಚ್ಚಿಕೊಂಡಳು.

ನೋಡಿದೆ. ಮೂಲೆಯಲ್ಲಿ ಗೋಡೆ ಸೂರನ್ನು ಮುಟ್ಟುವ ಕಡೆ ಒಂದು ಚೌಕ. ಪೆಟ್ಟಿಗೆಯನ್ನು ಅದರ ಕೆಳಗೆ ತಳ್ಳಿ ಹತ್ತಿದರೆ ಬಾಗಿಲು.

"ಇದು ಇಲ್ಲಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತೇ?"

"ಅಲ್ಲಿ ಸ್ವಲ್ಪ ಹಳದಿ ಬಳಿದಿದಾರಲ್ಲ ಅತ್ತಿಗೆ. ಹಳದಿ ಇದ್ದ ಕಡೆ ದಾರಿ ಇರುತ್ತೆ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಎಲ್ಲಾ ಆಟದಲ್ಲೂ ಹಾಗೇ ತಾನೆ... ಮತ್ತೆ ಪೆಟ್ಟಿಗೆ ಒಂಟಿಯಾಗಿ ಇಟ್ಟಿದ್ರೆ ಅದನ್ನ ತಳ್ಳೋದಕ್ಕೇ ಇಟ್ಟಿರ್ತಾರೆ... ಸಂಗೀತ ಮೆತ್ತಗಾದ್ರೆ ಹತ್ರ ಬಂದ್ವಿ ಅಂತ..." ಹೇಳುತ್ತಾ ಹೇಳುತ್ತಾ ಅವಳ ದನಿ ತಗ್ಗಿತು. ಮುಖದಲ್ಲಿ ರಕ್ತವಿರಲಿಲ್ಲ. ಹದಿನೈದು ಹದಿನೈದು ನಿಮಿಷದಂತೆ ಇನ್ನೂರ ಹದಿಮೂರು ಸಲ ಕೂತವಳಿಗೆ ಗೊತ್ತಿಲ್ಲದೆ ಇರುವುದು ಹೇಗೆ? ಅವಳಿಗೆ ಎಲ್ಲಾ ಗೊತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ, ಮುನ್ನೂರ ನಲವತ್ತು ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಭಾನುವಾರ ಬೆಳಗ್ಗೆ ಟ್ಯಾಬ್ ಹಿಡಿದು ಬೀದಿ ಸುತ್ತಿದಳು. ಕೆಳಗಿನ ಕ್ಷೌರದಂಗಡಿಯವನು, ಎದುರುಮನೆಯ ನಿವೃತ್ತ ಟೀಚರು, ಔಷಧಿ ಅಂಗಡಿಯ ಗಂಡಹೆಂಡತಿ, ಒಟ್ಟು ಏಳು ಜನರನ್ನು ಕೂರಿಸಿದಳು. ಆರು ಜನ ಆ ಕೋಣೆಯಲ್ಲೇ ಉಳಿದರು. ಕ್ಷೌರದವನಿಗೆ ಮಾತ್ರ ಮುಕ್ಕಾಲು ಗಂಟೆಯ ಮೇಲೆ ಅದೇನೋ ಒತ್ತಿ ತೆರೆಯಿತು; ಏನು ಒತ್ತಿದೆ ಎಂದು ಅವನಿಗೂ ತಿಳಿಯದು.

ಮಧ್ಯಾಹ್ನ ಊಟಕ್ಕೆ ಕೂತವಳು ತಟ್ಟೆಯನ್ನು ಮುಟ್ಟಲಿಲ್ಲ. "ನಾಳೆ ಹೋಗಿ ಹೇಳಿಬಿಡ್ತೀನಿ ಅತ್ತಿಗೆ."

"ತೆಪ್ಪಗೆ ಬಾಯಿ ಮುಚ್ಕೊಂಡಿರು!" ಎಂದೆ. ಸುಳ್ಳೇಕೆ, ಹಾಗೇ ಎಂದೆ. "ಇಪ್ಪತ್ತೆರಡು ದೇಶಕ್ಕೆ ಮಾತು ಕೊಟ್ಟಿದಾರೆ. ಈಗ ಹೋಗಿ ತಪ್ಪಾಯ್ತು ಅಂದ್ರೆ ಹೂವಿನ ಹಾರ ಹಾಕ್ತಾರಾ? ಗೊತ್ತಿದೆ ಅಂದ ತಕ್ಷಣ ನಿನ್ನ ಕೆಲಸ ಮುಗೀತು."

"ನಂಗೆ ಗೊತ್ತಿಲ್ವಾ ಅದು? ಆ ಕುರ್ಚಿ ಬಿಟ್ರೆ ನನ್ನ ಹತ್ರ ಏನಿದೆ? ನಲವತ್ತೊಂಬತ್ತಾಯ್ತು. ಅಂಟು ಹಚ್ಚೋರು ಈಗ ಯಾರಿಗೂ ಬೇಡ, ಡಬ್ಬೀನೇ ಇಲ್ಲ." ಕಣ್ಣು ಒರೆಸಿಕೊಂಡಳು. "ಆದ್ರೆ ಆ ಹುಡುಗಿ ನಾಲ್ಕು ವರ್ಷ ಕಟ್ಟಿದಾಳೆ ಅತ್ತಿಗೆ. ಜನ ಮೊದಲ ಕೋಣೆಯಿಂದ ಆಚೆಗೇ ಬರಲ್ಲ. ಅವಳ ಊರನ್ನ ಯಾರೂ ನೋಡಲ್ಲ."

ಸೋಮವಾರ ಅವಳ ಜೊತೆ ನಾನೂ ಹೊರಟೆ. ಧೈರ್ಯಕ್ಕೆ ಬರುತ್ತೇನೆ ಎಂದು ಬಾಯಲ್ಲಿ ಹೇಳಿದೆ. ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಇತ್ತು.

ಎರಡನೆಯ ಮಹಡಿಯ ಹಜಾರದಲ್ಲಿ ಯಜಮಾನರು, ಸೋಪು ಸಾಹೇಬರು, ಗುಂಗುರು ಕೂದಲಿನ ಹುಡುಗಿ ಇದ್ದರು. ಸುದ್ದಿ ಹಬ್ಬಿ ಇತರರೂ ಬಂದು ಸೇರಿದರು. ನಾದಿನಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಹಳೆಯ ಆಟಗಳ ಗುರುತು, ಬೀದಿಯ ಏಳು ಜನ. ಬಾಗಿಲು ಎಲ್ಲಿದೆ ಎಂದು ಮಾತ್ರ ಬಾಯಿ ಬಿಡಲಿಲ್ಲ. ಕೊನೆಗೆ, "ಸರ್, ನಂಗೆ ಆಟ ಬಂದುಬಿಟ್ಟಿದೆ. ಯಾವಾಗ ಬಂತು ಅಂತ ಗೊತ್ತಾಗಲಿಲ್ಲ. ಗುರುವಾರ ನಾನು ದಾಟಿದ್ದನ್ನ ಲೆಕ್ಕಕ್ಕೆ ತಗೋಬೇಡಿ," ಎಂದಳು.

ಮೊದಲು ಬಾಯಿಬಿಟ್ಟವರು ಸೋಪು ಸಾಹೇಬರು. "ಏಳು ಜನಕ್ಕೆ ಬರಲಿಲ್ಲ ಅಂತ ಇಪ್ಪತ್ತೆರಡು ದೇಶ ನಿಲ್ಲಿಸೋಕಾಗುತ್ತಾ? ಇನ್ನು ಐದು ದಿನ ಇದೆ. ಇದೆಲ್ಲ ಇವರ ಭ್ರಮೆ."

ಯಜಮಾನರು ನನ್ನ ಕಡೆ ನೋಡಿದರು. "ಇವರು ನಿಮ್ಮ ಅತ್ತಿಗೆ ಅಲ್ವಾ? ಇವರೇ ಕೂರಲಿ, ನೋಡೋಣ."

ನಾನು ಕಾಯುತ್ತಿದ್ದದ್ದೇ ಅದಕ್ಕೆ! ಕೂತು ಎರಡು ನಿಮಿಷದಲ್ಲಿ ಪೆಟ್ಟಿಗೆ ತಳ್ಳಿ ಬಾಗಿಲು ತೆರೆದುಬಿಟ್ಟರೆ ಆಟವೂ ಉಳಿಯಿತು, ಇವಳ ಕುರ್ಚಿಯೂ ಉಳಿಯಿತು. ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದೆ. ನಾದಿನಿ ನನ್ನ ಕೈ ಹಿಡಿದಳು. ನನ್ನ ಮುಖ ನೋಡಿದವಳಿಗೆ ನನ್ನ ಕಳ್ಳಾಟ ಪೂರ್ತಿ ತಿಳಿದಿತ್ತು.

"ಇವರು ಬೇಡ ಸರ್. ಇವರಿಗೆ ನಾನೇ ಬಾಯಿ ತಪ್ಪಿ ಹೇಳಿಬಿಟ್ಟಿದೀನಿ," ಎಂದಳು. ಆಮೇಲೆ ತಿರುಗಿ, "ಸಾಹೇಬರೇ, ನೀವು ಕೂತ್ಕೊಳ್ಳಿ," ಎಂದಳು.

"ನಾನಾ?"

"ಗುರುವಾರ ನೀವು ಕೇಕಿನ ಹೊತ್ತಿಗೆ ಬಂದ್ರಿ, ಬಾಗಿಲು ನೋಡಿಲ್ಲ. ಫೋಟೊದಲ್ಲಿ ಕಂಟ್ರೋಲರ್ ತಲೆಕೆಳಗಾಗಿ ಹಿಡ್ಕೊಂಡಿದೀರಿ."

ಯಾರೋ ಕಿಸಕ್ಕೆಂದರು. ಸೋಪು ಸಾಹೇಬರ ಕಿವಿ ಕೆಂಪಾಯಿತು. ಎರಡು ವರ್ಷದಲ್ಲಿ ಲಕ್ಷಾಂತರ ಆಟ ಮಾರಿದ ಮನುಷ್ಯ ಒಂದನ್ನೂ ಆಡಿರಲಿಲ್ಲ! ಆ ಕಟ್ಟಡದಲ್ಲಿ ನಿಜವಾಗಿ ಏನೂ ಗೊತ್ತಿಲ್ಲದವರು ಅವರೊಬ್ಬರೇ. ಆದರೆ ಹೊಗಳಲೇಬೇಕು, ಹಿಂದೇಟು ಹಾಕಲಿಲ್ಲ. ಕೋಟು ಕಳಚಿ ಕುರ್ಚಿಯಲ್ಲಿ ಕೂತರು. ಎಲ್ಲರೂ ಕೈಕಟ್ಟಿದರು, ನಾನೂ ಕಟ್ಟಿದೆ.

ಐದು ನಿಮಿಷ ಮಂಚದ ಸುತ್ತ ಓಡಿದರು. ಹತ್ತು ನಿಮಿಷಕ್ಕೆ ಗೋಡೆಗೆ ಮುಖ ಹಚ್ಚಿ ನಿಂತರು. 'ಮೇಲೆ ನೋಡ್ರೀ!' ಎನ್ನುವ ಮಾತು ನನ್ನ ಗಂಟಲವರೆಗೆ ಬಂದು ಬಂದು ಹೋಗುತ್ತಿತ್ತು. ಪಕ್ಕದಲ್ಲಿ ಗುಂಗುರು ಕೂದಲಿನ ಹುಡುಗಿ ತುಟಿ ಕಚ್ಚಿ ಅಳುತ್ತಿದ್ದಳು, ಸದ್ದಿಲ್ಲದೆ. ಗಡಿಯಾರದ ಮುಳ್ಳು ಹದಿನೈದು ಮುಟ್ಟಿದಾಗ ಸೋಪು ಸಾಹೇಬರು ಇಂಗು ತಿಂದ ಮಂಗನ ಹಾಗೆ ಕೂತಿದ್ದರು. ಕಂಟ್ರೋಲರನ್ನು ಮೆಲ್ಲಗೆ ಮಡಿಲಲ್ಲಿಟ್ಟುಕೊಂಡರು.

"ಇದಕ್ಕೆ ದಾರಿ ಇದೆಯಾ?" ಎಂದು ಕೇಳಿದರು. ಹುಡುಗಿ ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ನಾನು ಫೋನ್ ಮಾಡ್ಬೇಕು. ಇಪ್ಪತ್ತೆರಡು ಕಡೆ," ಎಂದು ಕೋಟು ಎತ್ತಿಕೊಂಡು ಹೊರಟರು. ಬಾಗಿಲಲ್ಲಿ ನಿಂತು ಹುಡುಗಿಗೆ, "ಒಂದು ತಿಂಗಳು ಸಾಕೇನಮ್ಮ?" ಎಂದರು. ಆಗ ನನಗೆ ಆ ಮನುಷ್ಯನ ಮೇಲೆ ಗೌರವ ಬಂತು.

ಹೀಗೆ ನಾದಿನಿಯ ಕುರ್ಚಿ ಹೋಯಿತು. ಇನ್ನು ಮುಂದೆ ಯಾರೇ ಕೂತರೂ ಒಂದೇ ವರ್ಷ ಎಂದು ಕಟ್ಟಳೆ ತಿದ್ದಿದರು. ಅಂಥ ಗೊತ್ತಿಲ್ಲದವರನ್ನು ಬೀದಿಬೀದಿಯಲ್ಲಿ ಹುಡುಕಿ ಕರೆತರುವ ಕೆಲಸವನ್ನು ಇವಳಿಗೇ ವಹಿಸಿದರು; ನಮ್ಮ ಬೀದಿಯ ಕ್ಷೌರದವನು ಮೊದಲ ಅರ್ಜಿದಾರ. ಯಜಮಾನರು ಇವಳ ಎರಡೂ ಕೈ ಹಿಡಿದು, "ಅಕ್ಕ, ಈ ಕಂಪನೀನ ಎರಡು ಸಲ ಉಳಿಸಿದೀರಿ. ಏನು ಬೇಕು ಕೇಳಿ," ಎಂದರು.

ನಾನು ಪಕ್ಕದಿಂದ ನಾದಿನಿಯನ್ನು ಮೊಣಕೈಯಲ್ಲಿ ತಿವಿದೆ, ದೊಡ್ಡದಾಗಿ ಏನಾದರೂ ಕೇಳಲಿ ಎಂದು.

"ಇನ್ನು ನಾನು ಆಡಬಹುದಲ್ವಾ ಸರ್?" ಎಂದಳು. "ಆ ಬಾಗಿಲಿನ ಆಚೆ ಏನಿದೆ, ನೋಡ್ಬೇಕು."

ಹದಿನೆಂಟು ವರ್ಷ ಆಟದ ಕಂಪನಿಯಲ್ಲಿದ್ದವಳಿಗೆ ಒಂದು ಆಟವನ್ನೂ ಪೂರ್ತಿ ಆಡಗೊಡದೆ ಇಟ್ಟಿದ್ದೇವೆ ಎನ್ನುವುದು ಯಜಮಾನರಿಗೆ ಆಗ ತಟ್ಟಿತೆಂದು ಕಾಣುತ್ತದೆ. ತಾವೇ ಪರದೆ ಹಚ್ಚಿಕೊಟ್ಟರು.

ಸೋಮವಾರ ಕೂತವಳು ಗುರುವಾರದವರೆಗೆ ಆಡಿದಳು. ನೆಲದಡಿಯ ಊರಿನ ಬೀದಿ, ನದಿ, ಮಾರುಕಟ್ಟೆ ಎಲ್ಲವನ್ನೂ ಸಂಜೆ ಬಂದು ಹೇಳುತ್ತಿದ್ದಳು. ಊಟ ಆರಿಹೋದರೂ ಏಳಲು ಬಿಡುತ್ತಿರಲಿಲ್ಲ. ಗುರುವಾರ ಮಧ್ಯಾಹ್ನ ಯಜಮಾನರು ನನಗೇ ಫೋನ್ ಮಾಡಿ, "ಇವತ್ತು ಮುಗಿಸ್ತಾರೆ, ಬನ್ನಿ," ಎಂದರು. ನಾನು ಹೋಗುವ ಹೊತ್ತಿಗೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊನೆಯ ಸೇತುವೆ ದಾಟಿದಳು. ಆ ಊರಿನವರೆಲ್ಲ ಬಿಸಿಲಿಗೆ ಬಂದರು. ಸಿಳ್ಳೆ ಬಿದ್ದವು, ನಾನಂತೂ ಗಂಟಲು ಹರಿಯುವಂತೆ ಕೂಗಿದೆ.

ಆಮೇಲೆ ಪರದೆ ಕಪ್ಪಾಗಿ, ಆಟಕ್ಕೆ ದುಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರತೊಡಗಿದವು. ನಾದಿನಿ ಏಳಲು ಹೊರಟಿದ್ದಳು. ಎಲ್ಲಕ್ಕಿಂತ ಕೊನೆಗೆ ಒಂಟಿಯಾಗಿ ಒಂದು ಸಾಲು ಬಂತು. 'ಮೊದಲ ಬಾಗಿಲು ತೆರೆದವರು' ಎಂದಿತ್ತು. ಅದರ ಕೆಳಗೆ ಅವಳ ಹೆಸರು. ಗೊತ್ತಿಲ್ಲಕ್ಕ ಎಂದಲ್ಲ, ಅಪ್ಪ ಅಮ್ಮ ಇಟ್ಟ, ನಾನು ಮಾತ್ರ ಕರೆಯುವ ಹೆಸರು.

ಅವಳು ಎರಡು ಸಲ ಓದಿಕೊಂಡಳು. "ಇದನ್ನ ಯಾವಾಗ ಹಾಕಿದ್ರಿ?" ಎಂದು ಹುಡುಗಿಯನ್ನು ಕೇಳಿದಳು. "ನಿನ್ನೆನಾ?"

"ನಿನ್ನೆ ಏನಕ್ಕ, ಎಲ್ಲಾ ಆಟದಲ್ಲೂ ಇದೆಯಲ್ಲ! ನಾನು ಹನ್ನೆರಡು ವರ್ಷದವಳಿದ್ದಾಗ ಮೊದಲು ಮುಗಿಸಿದ ಆಟದಲ್ಲೂ ಇತ್ತು. ಇದ್ಯಾರಪ್ಪ ಇವರು ಅಂತ ಅವತ್ತೇ ಅಂದ್ಕೊಂಡಿದ್ದೆ."

"ಮೊದಲ ಆಟದಿಂದಲೂ ಹಾಕ್ತಾ ಬಂದಿದೀವಿ," ಎಂದರು ಯಜಮಾನರು. ಅವರ ಕಣ್ಣೂ ಒದ್ದೆಯಾಗಿತ್ತು. "ಮುಗಿಸಿದವರೆಲ್ಲ ನೋಡ್ತಾರೆ. ನಿಮಗೆ ಗೊತ್ತಿದೆ ಅಂತಾನೇ ಅಂದ್ಕೊಂಡಿದ್ದೆ ಅಕ್ಕ."

ನಾದಿನಿ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ಜನರ ಮುಂದೆ ನಾಚಿಕೆ ಬಿಟ್ಟು ನಾನೂ ಅತ್ತೆ. ಎಲ್ಲೆಲ್ಲಿಯವರೋ, ಯಾವ್ಯಾವ ದೇಶದವರೋ ಇಷ್ಟು ವರ್ಷ ಅವಳ ಹೆಸರನ್ನು ಓದಿದ್ದರು. ಓದದೆ ಉಳಿದವಳು ಅವಳೊಬ್ಬಳೇ.

ಈಗ ಮೊದಲನೆಯ ಆಟದಿಂದ ಒಂದೊಂದಾಗಿ ಮುಗಿಸುತ್ತಾ ಬರುತ್ತಿದ್ದಾಳೆ. ಇನ್ನೂ ಇನ್ನೂರ ಚಿಲ್ಲರೆ ಬಾಕಿ ಇವೆ. ಪ್ರತಿಯೊಂದರಲ್ಲೂ ಹೆಸರುಗಳು ಏರಲು ಶುರುವಾದ ಕೂಡಲೇ, "ಅತ್ತಿಗೆ, ಬಂತು ಬಂತು!" ಎಂದು ಕೂಗುತ್ತಾಳೆ. ನಾನು ಹೊಲಿಗೆ ಬಿಟ್ಟು ಬೈದುಕೊಂಡೇ ಓಡುತ್ತೇನೆ.